ಮೂವತ್ತೈದು ವರ್ಷಕ್ಕೇ 10ನೇ ಡಾನ್ ಆಗುತ್ತಾ?

ಪ್ರಶ್ನೆ: ಸರ್, ನಾವು ಶಿರಸಿಯವರು. ಮಗ ನಾಲ್ಕನೇ ಕ್ಲಾಸು, ಕರಾಟೆಗೆ ಸೇರಿಸು ಅಂತ ಹಟ ಹಿಡಿದಿದ್ದಾನೆ. ಪೇಟೆಯಲ್ಲಿ ಒಂದು ಫ್ಲೆಕ್ಸ್ ಹಾಕಿದ್ದಾರೆ. ಹೆಸರಿನ ಹಿಂದೆ ಮುಂದೆ 'ಗ್ರ್ಯಾಂಡ್ ಮಾಸ್ಟರ್, ಹಾನ್ಶಿ, ಸೋಕೆ, 10ನೇ ಡಾನ್' ಅಂತೆಲ್ಲ ಇದೆ. ಫೋಟೋ ನೋಡಿದರೆ ಮೂವತ್ತೈದು ದಾಟಿದ ಹಾಗಿಲ್ಲ. ಇನ್ನೊಂದು ಕಡೆ ಬರೀ 'ಕರಾಟೆ ಕ್ಲಾಸ್, ಸಂಜೆ 5.30' ಅಂತ ಬೋರ್ಡು. ಎಲ್ಲಿ ಸೇರಿಸಲಿ?

ಉತ್ತರ (ಕರಾಟೆ ತರಬೇತುದಾರ, ಕಾರವಾರ): ಮೇಡಂ, ಅವರನ್ನು ನೋಡದೆ ಅವರ ಬಗ್ಗೆ ಏನೂ ಹೇಳಲಾರೆ. ಬಿರುದುಗಳ ಲೆಕ್ಕ ಮಾತ್ರ ಹೇಳುತ್ತೇನೆ.

ಡಾನ್ ಅಂದರೆ ಕಪ್ಪು ಬೆಲ್ಟಿನಿಂದ ಶುರುವಾಗುವ ದರ್ಜೆ. ಜಪಾನಿನ ಸಮರಕಲೆಗಳಲ್ಲಿ ಅದನ್ನು ಕೊಡುವ ಪದ್ಧತಿಯನ್ನು 1883ರಲ್ಲಿ ಶುರು ಮಾಡಿದವರು ಜೂಡೋದ ಜಿಗೊರೊ ಕಾನೊ. ಕರಾಟೆಗೆ ತಂದವರು ಗಿಚಿನ್ ಫುನಾಕೋಶಿ, 1924ರಲ್ಲಿ. ಕಪ್ಪು ಬೆಲ್ಟ್ ಅಂದರೆ 1ನೇ ಡಾನ್, ಅಷ್ಟೇ. ಮೇಲೆ ಹೋದಷ್ಟೂ ಕಾಯುವ ವರ್ಷ ಜಾಸ್ತಿ. ಜೂಡೋದ ಮೂಲ ಸಂಸ್ಥೆ ಕೊಡೋಕನ್ ಇಷ್ಟು ವರ್ಷಗಳಲ್ಲಿ 10ನೇ ಡಾನ್ ಕೊಟ್ಟಿದ್ದು ಇಪ್ಪತ್ತು ಜನಕ್ಕೂ ಇಲ್ಲ. ಜಪಾನಿನ ಕತ್ತಿವರಸೆ ಕೆಂಡೋದಲ್ಲಂತೂ 8ನೇ ಡಾನ್ ಪರೀಕ್ಷೆಗೆ ಕೂರಲಿಕ್ಕೇ 46 ವರ್ಷ ಆಗಿರಬೇಕು. 9, 10 ಕೊಡುವುದನ್ನು ಅಲ್ಲಿ 2000ದಲ್ಲೇ ನಿಲ್ಲಿಸಿದ್ದಾರೆ.

ಹಾಗಾದರೆ ಮೂವತ್ತೈದಕ್ಕೆ 10 ಹೇಗೆ? ಸುಲಭ. ಒಂದು ಸಂಘ ಕಟ್ಟಿ, 'ಇಂಟರ್‌ನ್ಯಾಷನಲ್' ಅಂತ ಸೇರಿಸಿ, ತಾನೇ ಅಧ್ಯಕ್ಷನಾಗಿ ತನಗೇ ಕೊಟ್ಟುಕೊಂಡರಾಯಿತು! ಕರಾಟೆಯಲ್ಲಿ ಒಂದೊಂದು ಸಂಸ್ಥೆಯೂ ತನ್ನದೇ ಡಾನ್ ಕೊಡುತ್ತದೆ, ಎಲ್ಲರನ್ನೂ ಕೇಳುವ ಒಬ್ಬ ಯಜಮಾನ ಇಲ್ಲ.

ಹಾನ್ಶಿ ಅನ್ನುವುದು ಡಾನ್ ಅಲ್ಲ, ಹಿರಿಯ ಬೋಧಕರಿಗೆ ಕೊಡುವ ಬಿರುದು. ರೆನ್ಶಿ, ಕ್ಯೋಶಿ ಆದಮೇಲೆ ಬರುವಂಥದ್ದು. ಸೋಕೆ ಅಂದರೆ ಒಂದು ಪರಂಪರೆಯ ಮುಖ್ಯಸ್ಥ. ಈಗ ಊರಿಗೊಬ್ಬ ಸೋಕೆ ಇದ್ದಾರೆ, ಬಿಡಿ. ಸೆನ್ಸೈ, ಅಂದರೆ ಗುರು, ಅದಂತೂ ದರ್ಜೆಯೇ ಅಲ್ಲ. ಶಿಷ್ಯರು ಕರೆಯಬೇಕು, ತಾನೇ ಹೇಳಿಕೊಳ್ಳುವ ಹಾಗಿಲ್ಲ. ನಮ್ಮ ಯಕ್ಷಗಾನ ಮೇಳದಲ್ಲಿ ಯಾರಾದರೂ 'ನಾನು ಭಾಗವತರು' ಅಂತ ಪರಿಚಯ ಮಾಡಿಕೊಳ್ಳುತ್ತಾರಾ?

ನೀವು ಹೋಗಿ 1ನೇ ಡಾನ್ ಸರ್ಟಿಫಿಕೇಟ್ ಕೇಳಿ. ಹತ್ತನೆಯದು ಬೇಡ, ಮೊದಲನೆಯದು. ಯಾವ ವರ್ಷ, ಯಾರ ಸಹಿ, ಪರೀಕ್ಷೆ ಮಾಡಿದವರು ಯಾರು ನೋಡಿ. ಆಮೇಲೆ ಒಂದು ಸಂಜೆ ಮೂಲೆಯಲ್ಲಿ ಸುಮ್ನೆ ಕೂತು ಕ್ಲಾಸ್ ನೋಡಿ. ಹೊಸ ಮಕ್ಕಳು ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟುತ್ತಾರೆ. ಹಾಗೇ ಗುದ್ದಿದರೆ ಬೆರಳು ಮುರಿಯುತ್ತೆ. ಅದನ್ನು ಕಂಡು, ಹತ್ತಿರ ಬಂದು, ಬೆರಳು ಬಿಡಿಸಿ ಹೊರಗಿಡುವವರು ಕಲಿಸಬಲ್ಲವರು.

ಅಂಕೋಲಾದಿಂದ ಒಬ್ಬರು: ಸರ್, ನನ್ನ ಮಗಳಿಗೆ ಒಂಬತ್ತು ವರ್ಷಕ್ಕೇ ಬ್ಲ್ಯಾಕ್ ಬೆಲ್ಟ್ ಕೊಟ್ಟಿದ್ದಾರೆ. ಸುಳ್ಳಾ?

ಉತ್ತರ: ಅವಳೆದುರು ಹಾಗನ್ನಬೇಡಿ. ಕೆಲವು ಕಡೆ ಮಕ್ಕಳಿಗೆ ಜೂನಿಯರ್ ಬ್ಲ್ಯಾಕ್ ಬೆಲ್ಟ್ ಅಂತ ಇದೆ, ದೊಡ್ಡವರಾದ ಮೇಲೆ ಮತ್ತೆ ಪರೀಕ್ಷೆ. ಅದೇನಾ ಅಂತ ಕೇಳಿ. ಪ್ರತಿ ಬೆಲ್ಟಿಗೂ ಫೀಸು, ಇಲ್ಲಿವರೆಗೆ ಒಬ್ಬರೂ ಫೇಲ್ ಆಗಿಲ್ಲ ಅಂದರೆ ಮಾತ್ರ ಸ್ವಲ್ಪ ಯೋಚನೆ ಮಾಡಿ.

ಶಿರಸಿಯವರು: ಸರ್, ಸಂಜೆ ಕ್ಲಾಸಿನವರು 3ನೇ ಡಾನ್ ಅಂತೆ. ಕೇಳಿದ ಕೂಡಲೇ ಹಳೇ ಸರ್ಟಿಫಿಕೇಟ್ ತೋರಿಸಿದರು. ಸಾಕಾ?

ಉತ್ತರ: ನಾಲ್ಕನೇ ಕ್ಲಾಸಿನವನಿಗೆ ಧಾರಾಳ ಸಾಕು. ಫೀಸು ಮಾತ್ರ ತಿಂಗಳು ತಿಂಗಳು ಕೊಡಿ. ಮಳೆಗಾಲ ಬಂದರೆ ಅರ್ಧ ಮಕ್ಕಳು ಕ್ಲಾಸ್ ಬಿಡುತ್ತಾರೆ.