ಭಜನಿಗೆ ಯಾವ್ದು, ಬೀಟ್‌ಗೆ ಯಾವ್ದು? ರೆಕಾರ್ಡಿಂಗ್ ಸಾಫ್ಟ್‌ವೇರ್ ಪ್ರಶ್ನೋತ್ತರ

(ಉತ್ತರ ಕೊಡವ ನಾನು ಧಾರವಾಡದಾಗ ಸಣ್ಣದೊಂದು ರೆಕಾರ್ಡಿಂಗ್ ಕೋಣಿ ಇಟ್ಟಾಂವ. ಕೇಳ್ರಿ, ಗೊತ್ತಿದ್ದದ್ದು ಹೇಳ್ತೀನಿ.)

ಪ್ರಶ್ನೆ, ಗದಗ: ಸರ್, ನಮ್ಮದು ಭಜನಾ ಮೇಳ. ಹಾರ್ಮೋನಿಯಂ, ತಬಲಾ, ತಾಳ, ಹಾಡೋರು ಐದು ಮಂದಿ. ಗೆಳೆಯಾ ಹೇಳಿದಾಂತ ಎಫ್‌ಎಲ್ ಸ್ಟುಡಿಯೋ ಹಾಕೀನಿ. ಮೂರು ದಿನದಿಂದ ಕುಸ್ತಿ ಹಿಡದೀನಿ, ಹಾಡು ಗ್ರಿಡ್‌ಗೆ (ತಾಳ ಅಳಿಯೋ ಗೆರಿಗಳಿಗೆ) ಕೂಡವಲ್ದು. ತಪ್ಪು ನಂದೋ ಸಾಫ್ಟ್‌ವೇರಿಂದೋ?

ಉತ್ತರ: ಯಾರದೂ ಅಲ್ಲ. ಎಫ್‌ಎಲ್ ಹುಟ್ಟಿದ್ದ ಬೀಟ್ ಕಟ್ಟಾಕ. 1997ರಾಗ ಬಂದಾಗ ಅದರ ಹೆಸರು ಫ್ರೂಟಿಲೂಪ್ಸ್ ಇತ್ತು. ಹೆಜ್ಜಿ ಹೆಜ್ಜಿಗೆ ಗುಂಡಿ ಒತ್ತಿ ಡ್ರಮ್ ಕೂಡಿಸೋದು, ಈಗಲೂ ಅದರ ಜೀವ ಅಲ್ಲೇ ಐತಿ. ಡಿಜೆ ಟ್ರ್ಯಾಕ್, ಜಾನಪದ ರೀಮಿಕ್ಸ್ ಮಾಡೋ ಹುಡುಗರಿಗೆ ನಾನೂ ಅದನ್ನ ಹೇಳ್ತೀನಿ. ಒಮ್ಮೆ ರೊಕ್ಕ ಕೊಟ್ರ ಮುಂದಿನ ಅಪ್‌ಡೇಟ್ ಎಲ್ಲಾ ಪುಕ್ಕಟ. ಆದ್ರ ಟ್ರಯಲ್‌ನಾಗ ಸೇವ್ ಮಾಡಿದ ಪ್ರಾಜೆಕ್ಟ್ ಕೊಳ್ಳೋತನಕ ತಿರುಗಿ ತೆರಿಯೋದಿಲ್ಲ, ನೆನಪಿರ್ಲಿ.

ನಿಮ್ಮ ಕೆಲಸ ಇದರ ಉಲ್ಟಾ. ಮೊದಲು ಮನುಷ್ಯಾ ಹಾಡ್ತಾನ, ಲಯ ಅವನ ಜೋಡಿ ಬರತೈತಿ. ಭಜನಿ ಕೊನಿಗೆ ಏರಿ ಏರಿ ಹೋಗೋದ ಅದರ ಗಮ್ಮತ್ತು. ಅದನ್ನ ಕ್ಲಿಕ್‌ಗೆ (ಕಂಪ್ಯೂಟರ್ ಟಕ್ ಟಕ್ ತಾಳಕ್ಕ) ಕಟ್ಟಿಹಾಕಬ್ಯಾಡ್ರಿ. ರೀಪರ್ ಅನ್ನೋ ಸಾಫ್ಟ್‌ವೇರ್ ಇಳಿಸಿಕೊಳ್ರಿ. ಹಳೇ ಲ್ಯಾಪ್‌ಟಾಪ್‌ನಾಗೂ ಓಡತೈತಿ. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮ್ಯಾಲ ಸಣ್ಣ ಬಳಕಿಗೆ ಲೈಸೆನ್ಸ್ 60 ಡಾಲರ್. ಕ್ಲಿಕ್ ಬಡಿಯೋ ಮೆಟ್ರೋನೋಮ್ ಬಂದ್, ಗ್ರಿಡ್‌ಗೆ ಎಳಿಯೋ ಸ್ನ್ಯಾಪ್ ಬಂದ್. ಮೈಕಿಗೊಂದು ಟ್ರ್ಯಾಕ್. ಇಷ್ಟ.

ಇನ್ನೊಂದು: ಇಂಟರ್‌ಫೇಸ್‌ನಾಗೂ (ಮೈಕ್ ಕಂಪ್ಯೂಟರ್‌ಗೆ ಜೋಡಿಸೋ ಡಬ್ಬಿ) ಪ್ರಾಜೆಕ್ಟ್‌ನಾಗೂ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿ ಎಷ್ಟು ಸಲ ಅಳಿಯೋದು) ಒಂದ ಇರ್ಲಿ. ನಾನು ಶುರುವಿನಾಗ 44,100ರಾಗ ತಗೊಂಡ ಹಾಡು ಎಲ್ಲೋ ಸೆಟ್ಟಿಂಗ್ ತಪ್ಪಿ 48,000ದಾಗ ಓಡಿಬಿಡ್ತು. ಹಾರ್ಮೋನಿಯಂನ ಕಪ್ಪು ಒಂದರಾಗ ಹಾಡಿದ ಅಜ್ಜನ ದನಿ ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವ ಹೋಗಿ ಕುಂತಿತ್ತು. ಯಾವ ಹಾರ್ಮೋನಿಯಂನಾಗೂ ಆ ಮನಿ ಇಲ್ಲ! ಅಜ್ಜ ಕೇಳಿ, "ಇದು ನನ್ನ ಮೊಮ್ಮಗಾ ಹಾಡಿದ್ದೇನು?" ಅಂದ.

ಅದಕ್ಕ ಒಬ್ಬರು: ಆಡಾಸಿಟಿ ಸಾಲೋದಿಲ್ಲೇನ್ರಿ? ಪುಕ್ಕಟ ಐತಲ್ಲ.

ಉತ್ತರ: ಒಂದು ಮೈಕು, ಒಂದು ಪ್ರವಚನ, ಇಲ್ಲಾ ಹಳೇ ಕ್ಯಾಸೆಟ್ ಇಳಿಸೋದು ಇದ್ರ ಧಾರಾಳ ಸಾಕು. ಎಂಟು ಟ್ರ್ಯಾಕ್ ಕೂಡಿಸಿ ಮಿಕ್ಸ್ ಮಾಡಬೇಕಂದ್ರ ಕೈ ಕಟ್ಟಿದಂಗ ಆಗತೈತಿ.

ಪ್ರಶ್ನೆ, ಹುಬ್ಬಳ್ಳಿ: ನಮ್ಮದು ಆರ್ಕೆಸ್ಟ್ರಾ. ಜಾತ್ರಿ ಸ್ಟೇಜ್ ಮ್ಯಾಲ ಟ್ರ್ಯಾಕ್ ಬಿಟ್ಟು ಹಾಡ್ತೀವಿ. ಈಗ ಪೆನ್‌ಡ್ರೈವ್‌ನಿಂದ ಓಡಸ್ತೀವಿ. "ಒನ್ಸ್ ಮೋರ್" ಅಂದ್ರ ಹಾಡು ಮೊದಲಿಂದ ಶುರು ಆಗತೈತಿ, ಮಂದಿ ನಗತಾರ.

ಉತ್ತರ: ಏಬಲ್ಟನ್ ಲೈವ್ ಇದಕ್ಕಂತ ಮಾಡಿದ್ದು. ಅದರ ಸೆಶನ್ ವ್ಯೂನಾಗ ಪಲ್ಲವಿ, ಚರಣ, ಬಿಜಿಎಂ ಬ್ಯಾರೆ ಬ್ಯಾರೆ ಕ್ಲಿಪ್ ಮಾಡಿ ಇಟ್ಕೊಳ್ರಿ. ಮಂದಿ ಕೂಗಿದ್ರ ಪಲ್ಲವಿ ಕ್ಲಿಪ್ ಒತ್ತಿದ್ರಾತು, ತಾಳಕ್ಕ ಸರಿಯಾಗಿ ಎದ್ದು ಬರತೈತಿ. ಬಾಳ ಇಂಟರ್‌ಫೇಸ್‌ಗಳ ಜೋಡಿ ಲೈವ್ ಲೈಟ್ ಪುಕ್ಕಟ ಬರತೈತಿ. 8 ಟ್ರ್ಯಾಕ್ ಮಿತಿ, ನಿಮಗ ಸಾಕು. ನಾಕು ಔಟ್‌ಪುಟ್ ಇರೋ ಇಂಟರ್‌ಫೇಸ್ ತಗೊಳ್ರಿ: 1, 2 ಮಂದಿಗೆ, 3 ಡ್ರಮ್ಮರ್ ಕಿವಿಗೆ ಕ್ಲಿಕ್. ಸ್ಟೇಜ್ ಏರೋಕಿಂತ ಮೊದಲು ವೈಫೈ ಬಂದ್ ಮಾಡ್ರಿ, ಚಾರ್ಜರ್ ಮರಿಬ್ಯಾಡ್ರಿ.

ಪ್ರಶ್ನೆ, ಹಾವೇರಿ: ಲ್ಯಾಪ್‌ಟಾಪ್ ಇಲ್ಲ, ಫೋನ್ ಅಷ್ಟ ಐತಿ ಅಣ್ಣಾ.

ಉತ್ತರ: ಆಂಡ್ರಾಯ್ಡ್ ಆದ್ರ ಬ್ಯಾಂಡ್‌ಲ್ಯಾಬ್, ಐಫೋನ್ ಆದ್ರ ಗ್ಯಾರೇಜ್‌ಬ್ಯಾಂಡ್. ಎರಡೂ ಪುಕ್ಕಟ. ವೈರಿನ ಇಯರ್‌ಫೋನ್ ಬಳಸು, ಬ್ಲೂಟೂತ್ ತಡಾ ಮಾಡತೈತಿ.

ಪ್ರಶ್ನೆ, ಧಾರವಾಡ: ಖಯಾಲ್ ಕಲೀತೀನಿ. ರೀಪರ್‌ನಾಗ ಹಾಡುವಾಗ ಹೆಡ್‌ಫೋನ್‌ನಾಗ ನನ್ನ ದನಿ ತಡಾ ಆಗಿ ಬರತೈತಿ. ಕ್ಯೂಬೇಸ್ ಸಾಫ್ಟ್‌ವೇರ್‌ಗೆ ಹೋಗಲೇನು? ಸ್ವರ ತಿದ್ದೋ ಆಟೋಟ್ಯೂನ್ ಹಾಕಿದ್ರೂ ಸ್ವರ ಕೆಟ್ಟ ಕೇಳಿಸ್ತಾವ.

ಉತ್ತರ: ಸಾಫ್ಟ್‌ವೇರ್ ಬದಲಿಸಿದ್ರ ಆ ತಡಾ ನಿಮ್ಮ ಜೋಡೀನ ಬರತೈತಿ. ಅದು ಬಫರ್ (ಕಂಪ್ಯೂಟರ್ ದನಿಯನ್ನ ತುಸು ಕೂಡಿಟ್ಟು ಕಳಿಸೋ ಜಾಗ) ಕೆಲಸ. 48,000 ರೇಟಿನಾಗ ಬಫರ್ 512 ಸ್ಯಾಂಪಲ್ ಇದ್ರ ದನಿ ಒಳಗ ಬರೂದಕ್ಕ ಸುಮಾರು 10.7 ಮಿಲಿಸೆಕೆಂಡ್, ಹೊರಗ ಹೋಗೂದಕ್ಕ ಮತ್ತ ಅಷ್ಟ. 128ಕ್ಕ ಇಳಿಸ್ರಿ, 2.7ರ ಹತ್ರ ಬರತೈತಿ. ವಿಂಡೋಸ್ ಆದ್ರ ಇಂಟರ್‌ಫೇಸ್ ಕಂಪನಿಯ ಅಸಿಯೋ ಡ್ರೈವರ್ (ತಡಾ ಕಡಿಮಿ ಮಾಡೋ ಸಣ್ಣ ಸಾಫ್ಟ್‌ವೇರ್) ಹಾಕಿ, ರೀಪರ್‌ನಾಗ ಅದನ್ನ ಆರಿಸ್ರಿ. ಹಾಡಿದ್ದು ಮುಗಿದು ಮಿಕ್ಸ್‌ಗೆ ಕುಂತಾಗ ಬಫರ್ 1024ಕ್ಕ ಏರಿಸ್ರಿ, ಇಲ್ಲಂದ್ರ ಚಟಪಟ ಸಪ್ಪಳ ಬರತೈತಿ.

ಆಟೋಟ್ಯೂನ್ ತೆಗದ ಬಿಡ್ರಿ. ಸಾಮಾನ್ಯ ಸೆಟ್ಟಿಂಗ್‌ನಾಗ ಅದಕ್ಕ ಗೊತ್ತಿರೋದು ಹನ್ನೆರಡು ಮನಿ. ದರಬಾರಿ ಕಾನಡಾದ ಗಾಂಧಾರ ಒಂದ ಕಡೆ ನಿಲ್ಲೋದಿಲ್ಲ, ತೂಗತೈತಿ. ಆ ತೂಗೋದನ್ನ ಆಟೋಟ್ಯೂನ್ ತಪ್ಪಂತ ತಿಳಿದು ಹಿಡಿದು ಸೆಟಿಸಿ ನಿಲ್ಲಸತೈತಿ. ಮೀಂಡ್ (ಸ್ವರದಿಂದ ಸ್ವರಕ್ಕ ಜಾರೋದು) ಮೆಟ್ಟಲು ಆಗತೈತಿ. ಮಲ್ಲಿಕಾರ್ಜುನ ಮನ್ಸೂರರು ಇದ್ದ ಊರಾಗ ಇದನ್ನ ನಾನು ಹೇಳಬೇಕೇನ್ರಿ? ತಂಬೂರಿ ಬ್ಯಾರೆ ಟ್ರ್ಯಾಕ್‌ನಾಗ ತಗೊಳ್ರಿ, ಹೆಡ್‌ಫೋನ್‌ನಾಗ ಅದನ್ನ ಜೋರು ಇಡ್ರಿ, ಒಂದು ಕಿವಿ ತೆರೆದಿಟ್ಟು ಹಾಡ್ರಿ. ಸರಿ ಬರ್ಲಿಲ್ಲಂದ್ರ ಆ ಸಾಲು ಮತ್ತೊಮ್ಮೆ ಹಾಡ್ರಿ, ರೀಪರ್‌ನಾಗ ಒಂದರ ಮ್ಯಾಲೊಂದು ಎಷ್ಟು ಟೇಕ್ ಬೇಕಾದ್ರೂ ಕೂಡ್ತಾವ.