ಅಳಿವೆಯಲ್ಲಿ ಪೋಷಕಾಂಶ ಹೆಚ್ಚಿದ್ದರೂ ಸಸ್ಯಪ್ಲವಕಗಳು ದೂರದಲ್ಲೇಕೆ ದಟ್ಟವಾಗುತ್ತವೆ?

ಪ್ರಶ್ನೆ

ನದಿಗಳು ಹೊತ್ತು ತರುವ ನೈಟ್ರೇಟ್, ಫಾಸ್ಫೇಟ್‌ಗಳಿಂದ ಕರಾವಳಿಯ ನೀರಿನಲ್ಲಿ ಸಸ್ಯಪ್ಲವಕಗಳು (ನೀರಿನಲ್ಲಿ ತೇಲುವ, ಬೆಳಕಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳು) ಹುಲುಸಾಗಿ ಬೆಳೆಯುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಈ ಪೋಷಕಾಂಶಗಳು ಅತಿ ಹೆಚ್ಚಿರುವ ಅಳಿವೆಯ ಬಾಯಲ್ಲೇ ಅವು ದಟ್ಟವಾಗಿರಬೇಕಿತ್ತು. ಆದರೆ ಪ್ರವಾಹದ ದಿನಗಳಲ್ಲಿ ಸಂಗ್ರಹಿಸಿದ ನೀರಿನ ಮಾದರಿಗಳಲ್ಲಿ ಅಳಿವೆಯ ಬಳಿ ಜೀವಕೋಶಗಳು ವಿರಳವಾಗಿದ್ದು, ಕಡಲಿನ ಕಡೆಗೆ ಸಾಕಷ್ಟು ದೂರ ಸಾಗಿದ ಮೇಲೆಯೇ ಅವುಗಳ ಸಂಖ್ಯೆ ಏರುತ್ತದೆ. ಇದಕ್ಕೆ ಕಾರಣವೇನು? ನದಿ ಹೆಚ್ಚು ಹರಿದಷ್ಟೂ ಬೆಳವಣಿಗೆ ಹೆಚ್ಚುತ್ತದೆ ಎಂದು ಸಾರಾಸಗಟಾಗಿ ಹೇಳಬಹುದೇ?

ಉತ್ತರ 1

ಹೇಳಲಾಗದು. ಗೊಬ್ಬರ ಎಷ್ಟಿದ್ದರೂ ಬಿಸಿಲು ಬೀಳದ ಕಡೆ ಬೆಳೆ ಏಳುವುದಿಲ್ಲ. ಪ್ರವಾಹದ ನೀರಿನಲ್ಲಿ ತೇಲುವ ಜೇಡಿಕಣಗಳು ಬೆಳಕನ್ನು ಮೇಲಿನ ಒಂದೆರಡು ಮೀಟರಿನಲ್ಲೇ ತಡೆದುಬಿಡುತ್ತವೆ; ಅದೇ ಹೊತ್ತಿಗೆ ರಭಸದ ಹರಿವು ಜೀವಕೋಶಗಳನ್ನು ತಳದವರೆಗೂ ಕಲಕುವುದರಿಂದ ಅವು ದಿನದ ಬಹುಪಾಲನ್ನು ಕತ್ತಲಲ್ಲೇ ಕಳೆಯುತ್ತವೆ. ಇನ್ನೊಂದು ಕಾರಣ ಸಮಯ. ಅನುಕೂಲ ಪರಿಸ್ಥಿತಿಯಲ್ಲೂ ಇವು ಇಮ್ಮಡಿಯಾಗಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು; ಅಳಿವೆಯ ನೀರು ಅದಕ್ಕಿಂತ ಬೇಗ ಬದಲಾದರೆ ಸಂಖ್ಯೆ ಹೆಚ್ಚುವ ಮೊದಲೇ ಅವು ಕೊಚ್ಚಿಹೋಗುತ್ತವೆ.

ಮುಂದೆ ಏನಾಗುತ್ತದೆ ಎಂಬುದನ್ನು ಎರಡು ಗಾಜಿನ ಲೋಟಗಳಲ್ಲೇ ನೋಡಬಹುದು. ಎರಡರಲ್ಲೂ ಜೇಡಿಮಣ್ಣಿನ ರಾಡಿ ನೀರು ತುಂಬಿ, ಒಂದಕ್ಕೆ ಮಾತ್ರ ಉಪ್ಪು ಕರಗಿಸಿ ಇಡಿ. ಉಪ್ಪಿನ ಲೋಟದಲ್ಲಿ ಕಣಗಳು ಒಂದಕ್ಕೊಂದು ಅಂಟಿ, ಗಂಟುಗಟ್ಟಿ, ಬೇಗ ತಳ ಸೇರುತ್ತವೆ, ಏಕೆಂದರೆ ಕಣಗಳನ್ನು ದೂರ ದೂರ ಇರಿಸಿದ್ದ ಋಣ ವಿದ್ಯುದಾವೇಶದ ಪ್ರಭಾವವನ್ನು ಲವಣ ಕುಗ್ಗಿಸುತ್ತದೆ. ಕಡಲಿನಲ್ಲೂ ಹೀಗೆಯೇ ಹೂಳು ಇಳಿದು ನೀರು ತಿಳಿಯಾಗುತ್ತದೆ. ಆಗಲೂ ಪೋಷಕಾಂಶ ಪೂರ್ತಿ ಮುಗಿದಿರುವುದಿಲ್ಲ. ಮೇಲಾಗಿ ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ಪದರವಾಗಿ ನಿಂತು ಜೀವಕೋಶಗಳನ್ನು ಬೆಳಕಿನಲ್ಲೇ ಇರಿಸುತ್ತದೆ. ಈ ಮೂರೂ ಕೂಡಿಬರುವ ಕಡಲಿನ ಪಟ್ಟಿಯೇ ನೀವು ಕಂಡದ್ದು. ಜಗತ್ತಿನ ನದಿಗಳು ಸಾಗರಕ್ಕೆ ಸೇರಿಸುವ ನೀರಿನಲ್ಲಿ ಸುಮಾರು ಐದನೇ ಒಂದು ಭಾಗವನ್ನು ತರುವ ಅಮೆಜಾನ್‌ನಲ್ಲೂ ಬೆಳವಣಿಗೆ ಉತ್ತುಂಗಕ್ಕೇರುವುದು ಕೆಸರು ಇಳಿದ ಮೇಲೆಯೇ.

ಉತ್ತರ 2

ಬೆಳಕಿನ ವಿಚಾರ ಒಪ್ಪುತ್ತೇನೆ. ಆದರೆ ಎಷ್ಟು ಬೆಳೆಯುತ್ತದೆ ಎಂಬುದರಷ್ಟೇ ಯಾವುದು ಬೆಳೆಯುತ್ತದೆ ಎಂಬುದೂ ಮುಖ್ಯ. ಗಾಜಿನಂಥ ಕವಚ ಕಟ್ಟಿಕೊಳ್ಳುವ ಡಯಾಟಮ್‌ ಎಂಬ ಸಸ್ಯಪ್ಲವಕಗಳಿಗೆ ಸಾರಜನಕದ ಪ್ರತಿ ಪರಮಾಣುವಿಗೆ ಸುಮಾರು ಒಂದು ಸಿಲಿಕಾನ್ ಪರಮಾಣು ಬೇಕು. ಅದು ಬರುವುದು ಬಂಡೆಗಳ ಸವೆತದಿಂದಲೇ ಹೊರತು ಹೊಲದ ಗೊಬ್ಬರದಿಂದಲ್ಲ. ಅಣೆಕಟ್ಟಿನ ಹಿಂದಿನ ನಿಂತ ನೀರಿನಲ್ಲಿ ಡಯಾಟಮ್‌ಗಳು ಬೆಳೆದು ತಳಕ್ಕಿಳಿದಾಗ ಸಿಲಿಕೇಟ್ (ನೀರಿನಲ್ಲಿ ಕರಗಿರುವ ಸಿಲಿಕಾನ್) ಅಲ್ಲಿಯೇ ಉಳಿಯುತ್ತದೆ. 1970ರ ದಶಕದ ಆರಂಭದಲ್ಲಿ ಡ್ಯಾನ್ಯೂಬ್ ನದಿಗೆ ಐರನ್ ಗೇಟ್ಸ್ ಅಣೆಕಟ್ಟು ಬಂದ ಬಳಿಕ ಕಪ್ಪು ಸಮುದ್ರದಲ್ಲಿ ಡಯಾಟಮ್‌ಗಳ ಪಾಲು ಕುಗ್ಗಿ ಇತರ ಗುಂಪುಗಳು ಮೇಲುಗೈ ಪಡೆದುದಕ್ಕೆ ಇದೂ ಒಂದು ಕಾರಣವೆಂದು ಸಂಶೋಧಕರು ವಾದಿಸಿದ್ದಾರೆ. ನೈಲ್ ನದಿಯ ಕಥೆ ಇನ್ನೂ ನೇರ: 1960ರ ದಶಕದಲ್ಲಿ ಆಸ್ವಾನ್ ಬಳಿ ಪ್ರವಾಹಕ್ಕೆ ತಡೆ ಬಿದ್ದೊಡನೆ ಪ್ರತಿವರ್ಷ ಅಳಿವೆಯಾಚೆ ಕಾಣುತ್ತಿದ್ದ ಸಸ್ಯಪ್ಲವಕಗಳ ಸ್ಫೋಟವೂ ಅದನ್ನು ನಂಬಿದ್ದ ಸಾರ್ಡೀನ್ ಮೀನುಗಾರಿಕೆಯೂ ಕುಸಿದವು.

ಉತ್ತರ 3

ಮೊದಲ ಉತ್ತರದಲ್ಲಿ ಸಿಹಿನೀರಿನ ಪದರವನ್ನು ಬರೀ ಅನುಕೂಲವೆಂಬಂತೆ ಹೇಳಲಾಗಿದೆ. ಅದು ಅರ್ಧ ಸತ್ಯ. ಅದೇ ಪದರ ಮುಚ್ಚಳವಾಗಿ ಕುಳಿತು, ಆಳದ ಪೋಷಕಾಂಶಗಳು ಮೇಲೇರದಂತೆ ತಡೆಯುತ್ತದೆ. ಇಷ್ಟೊಂದು ದೊಡ್ಡ ನದಿಗಳು ಸೇರುವ ಬಂಗಾಳಕೊಲ್ಲಿ ಅರಬ್ಬೀ ಸಮುದ್ರಕ್ಕಿಂತ ಕಡಿಮೆ ಫಲವತ್ತಾಗಿರುವುದಕ್ಕೆ ಇದು ಪ್ರಮುಖ ಕಾರಣ. ಕೆಳಗಿನ ನೀರಿಗೆ ಆಮ್ಲಜನಕ ಇಳಿಯದಂತೆ ತಡೆಯುವುದೂ ಇದೇ ಮುಚ್ಚಳ: ಅಮೆರಿಕದ ಮಿಸಿಸಿಪ್ಪಿ ನದಿಯ ಅಳಿವೆಯ ಮುಂದೆ ಬೇಸಿಗೆಯಲ್ಲಿ ಸತ್ತ ಪ್ಲವಕಗಳು ತಳದಲ್ಲಿ ಕೊಳೆತು ಉಂಟಾಗುವ, ಆಮ್ಲಜನಕ ತೀರಾ ಕಡಿಮೆಯಿರುವ ವಲಯ 2017ರಲ್ಲಿ ಸುಮಾರು 22,700 ಚದರ ಕಿಲೋಮೀಟರ್ ಹರಡಿತ್ತು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ನಾನು ನೋಡಿದ ಮಾದರಿಗಳೆಲ್ಲ ಮೇಲ್ಮೈಯವು. ಜೊತೆಯಲ್ಲಿ ಲವಣಾಂಶವನ್ನಾಗಲಿ, ಬಿಳಿ ತಟ್ಟೆ ಇಳಿಸಿ ಅದು ಮರೆಯಾಗುವ ಆಳವನ್ನಾಗಲಿ ಅಳೆದಿರಲಿಲ್ಲ. ಮುಂದಿನ ಬಾರಿ ಆ ಎರಡೂ ಅಳತೆಗಳನ್ನು ಸೇರಿಸಿ, ಪದರದ ಕೆಳಗಿನ ನೀರನ್ನೂ ತೆಗೆಯುತ್ತೇನೆ.