ಅಪ್‌ಡೇಟ್: ಏಳು ಅಂಕಕ್ಕೆ ಫೇಲಾದ ಸಿಎಸ್ ಕಥೆ ಮುಂದೇನಾಯ್ತು

ನೆನಪಿದೆಯಾ? ಸಿಎಸ್, ಅಂದರೆ ಕಂಪನಿ ಸೆಕ್ರೆಟರಿ ಕೋರ್ಸಿನ ಎರಡನೇ ಹಂತವಾದ ಎಕ್ಸಿಕ್ಯೂಟಿವ್‌ನ ಮೊದಲ ಗ್ರೂಪಿನಲ್ಲಿ ಫೇಲಾಗಿ, ಬಿಟ್ಟುಬಿಡಲಾ ಅಂತ ಕೇಳಿದ್ದೆ. ನಾಲ್ಕೂ ಪೇಪರಿನಲ್ಲಿ 40 ದಾಟಿತ್ತು. ಆದರೆ ಗ್ರೂಪಿನ ಒಟ್ಟು ಅಂಕ ಶೇ. 50 ಆಗಬೇಕಲ್ವಾ? 400ಕ್ಕೆ 193 ಬಂದಿತ್ತು. ಏಳೇ ಏಳು ಅಂಕ!

ಬಿಡಲಿಲ್ಲ. "ಓದಿದ್ದು ಸಾಕು, ಬರೆದು ಅಭ್ಯಾಸ ಮಾಡಿ" ಅಂತ ಒಬ್ಬರು ಹೇಳಿದ್ದೇ ಕೆಲಸಕ್ಕೆ ಬಂತು. ಕಂಪನಿ ಕಾಯ್ದೆಯ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬರೆದೆ. ಮುಂದಿನ ಸಲ ಎರಡೂ ಗ್ರೂಪ್ ಪಾಸು. ಅಮ್ಮ ಪಾಯಸ ಮಾಡಿದರು, ಅದೂ ಹೇಳಲೇಬೇಕು.

ಈಗ ಬೆಂಗಳೂರಿನಲ್ಲಿ, ಸ್ವಂತ ಪ್ರಾಕ್ಟೀಸ್ ಇರುವ ಸಿಎಸ್ ಒಬ್ಬರ ಹತ್ತಿರ 21 ತಿಂಗಳ ಟ್ರೈನಿಂಗ್. ಮೊದಲ ವಾರವೇ ಬೋರ್ಡ್ ಮೀಟಿಂಗಿನ ಮಿನಿಟ್ಸ್ (ಅಲ್ಲಿ ನಡೆದದ್ದರ ಅಧಿಕೃತ ದಾಖಲೆ) ಬರೆಯಲು ಕೊಟ್ಟರು. ಬರೆದುಕೊಟ್ಟೆ. ಹಾಳೆ ತುಂಬಾ ಕೆಂಪು ಗೆರೆ! ನಡೆದದ್ದನ್ನು ಭೂತಕಾಲದಲ್ಲಿ ಬರೆಯಬೇಕು, ನಿರ್ಣಯವನ್ನು ಮಾತ್ರ ವರ್ತಮಾನದಲ್ಲಿ. ನಾನು ಎರಡನ್ನೂ ಕಲಸಿಬಿಟ್ಟಿದ್ದೆ. ಮೀಟಿಂಗ್ ಮುಗಿದ 15 ದಿನದೊಳಗೆ ಕರಡು ಡೈರೆಕ್ಟರುಗಳ ಕೈಸೇರಬೇಕು, 30 ದಿನದೊಳಗೆ ಮಿನಿಟ್ಸ್ ಪುಸ್ತಕಕ್ಕೆ ಏರಬೇಕು. ಪರೀಕ್ಷೆಗೆ ಇದನ್ನೇ ಬಾಯಿಪಾಠ ಮಾಡಿದ್ದೆ, ಆದರೆ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ದಿನ ಎಣಿಸುವಾಗಲೇ ಬಿಸಿ ತಟ್ಟಿದ್ದು.

ಸ್ಟೈಪೆಂಡ್ ಬಗ್ಗೆ ಕೇಳಬೇಡಿ, ಬಸ್ ಪಾಸು, ಊಟಕ್ಕೆ ಸರಿಹೋಗುತ್ತದೆ ಅಷ್ಟೆ.

ಕೊನೆಯ ಹಂತ, ಪ್ರೊಫೆಷನಲ್, ಇನ್ನೂ ಬಾಕಿ ಇದೆ. ಆಫೀಸ್ ಮುಗಿಸಿ ರಾತ್ರಿ ಓದಲು ಕೂತರೆ ಕಣ್ಣು ಎಳೆಯುತ್ತದೆ. ಡಿಸೆಂಬರಿಗೆ ಒಂದೇ ಗ್ರೂಪ್ ಕಟ್ಟುತ್ತಿದ್ದೇನೆ. ಟ್ರೈನಿಂಗ್ ಜೊತೆಗೇ ಓದಿದವರು ಬೆಳಗಿನ ಜಾವ ಎದ್ದು ಓದುತ್ತಿದ್ರಾ, ರಾತ್ರಿನಾ?